ಟೆರೇಸ್ ಟೊಮೆಟೊ ಲಾಗ್: ಹಿಂಡಿ ಸೈಡು, ಪುಡಿ ಸೈಡು

ಸೆಪ್ಟೆಂಬರ್, ಗಣೇಶ ಹಬ್ಬ ಮುಗಿದ ಮೇಲೆ

ಈ ಸಲ ಟೊಮೆಟೊ ಬ್ಯಾಗ್‌ಗಳನ್ನ ಎರಡು ಪಾಲು ಮಾಡಿದೀನಿ. ನೀರಿನ ಟ್ಯಾಂಕ್ ಕಡೆ ಇರೋವಕ್ಕೆ ಹಿಂಡಿ, ಎರೆಹುಳು ಗೊಬ್ಬರ, ಪೂರ್ತಿ ಆರ್ಗ್ಯಾನಿಕ್, ಮೆಟ್ಟಿಲ ಕಡೆ ಇರೋವಕ್ಕೆ ಅಂಗಡಿಯ ಪುಡಿ ಗೊಬ್ಬರ. ಈ ವಿಷಯ ಎತ್ತಿದ್ರೆ ಒಬ್ಬರು ಕೆಮಿಕಲ್ ಅಂದ್ರೆ ವಿಷ ಅಂತಾರೆ, ಇನ್ನೊಬ್ಬರು ಹಿಂಡಿ ಹಾಕಿ ಅದೇನು ಕಡಿದು ಕಟ್ಟೆ ಹಾಕಿದ್ರಿ ಅಂತಾರೆ, ಎರಡನ್ನೂ ಕೇಳಿ ಸಾಕಾಗಿದೆ, ಅದಕ್ಕೇ ನಮ್ಮ ಬೆಂಗಳೂರಿನ ಬಿಸಿಲಲ್ಲಿ ನಮ್ಮ ನೀರಲ್ಲಿ ಏನಾಗತ್ತೆ ನೋಡೇಬಿಡೋಣ ಅಂತ.

ತಳಿ ಎರಡೂ ಕಡೆ ಒಂದೇ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಎಲೆ ಮುರುಟು ವೈರಸ್, ಬ್ಯಾಕ್ಟೀರಿಯಾ ಸೊರಗು, ಅಂಗಮಾರಿ ಮೂರನ್ನೂ ತಡ್ಕೊಳ್ಳೋ ಹೈಬ್ರಿಡ್ ಇದು. ರೋಗ ಬಂದು ಒಂದು ಸೈಡ್ ಸತ್ತೋದ್ರೆ ಗೊಬ್ಬರದ ಹೋಲಿಕೆಗೆ ಅರ್ಥ ಇರಲ್ಲ, ಅದಕ್ಕೇ ಇದನ್ನ ಆರಿಸಿದ್ದು.

ಹಿಂಡಿ ಸೈಡ್ ಮಿಕ್ಸ್: ಕೆಂಪು ಮಣ್ಣು, ಕೋಕೋಪೀಟ್, ಎರೆಹುಳು ಗೊಬ್ಬರ ಸಮಸಮ, ಬ್ಯಾಗ್‌ಗೆ ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಕಡಲೆಕಾಯಿ ಹಿಂಡಿ. ಕಲಸಿ, ನೀರು ಚಿಮುಕಿಸಿ ಮುಚ್ಚಿಟ್ಟಿದೀನಿ. ಹಸಿ ಹಿಂಡಿ ಕೊಳೆಯುವಾಗ ಬಿಸಿ ಬಿಡತ್ತೆ, ಕೈ ಹಾಕಿದ್ರೆ ಬೆಚ್ಚಗೆ ಗೊತ್ತಾಗತ್ತೆ, ಆ ಬಿಸಿ ಇಳಿಯೋವರೆಗೂ ಸಸಿ ನೆಡೋ ಹಾಗಿಲ್ಲ. ಪುಡಿ ಸೈಡಲ್ಲಿ ಬರೀ ಕೋಕೋಪೀಟ್, ಸ್ವಲ್ಪ ಕೆಂಪು ಮಣ್ಣು. ಕೋಕೋಪೀಟನ್ನ ಚೆನ್ನಾಗಿ ತೊಳೆದು, ಆಮೇಲೆ ಕ್ಯಾಲ್ಸಿಯಂ ನೈಟ್ರೇಟ್ ನೀರಲ್ಲಿ ಒಂದು ರಾತ್ರಿ ನೆನೆಸಿದೆ, ಯಾಕಂದ್ರೆ ತೆಂಗಿನ ನಾರಿನ ಪುಡಿಲಿ ಸೋಡಿಯಂ ಪೊಟ್ಯಾಸಿಯಂ ಅಂಟ್ಕೊಂಡಿರತ್ತೆ, ಕೋಕೋಪೀಟ್ ಅವನ್ನ ಬಿಟ್ಟುಕೊಟ್ಟು ನಾವು ಹಾಕೋ ಕ್ಯಾಲ್ಸಿಯಂನ ಹಿಡ್ಕೊಂಡುಬಿಡತ್ತೆ.

ಜೀವಾಮೃತ ಯಾಕಿಲ್ಲ ಅಂತ ಕೇಳೋರಿಗೆ: ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಲೆಕ್ಕ ಒಂದು ಎಕರೆಗೆ, 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು, 200 ಲೀಟರ್ ನೀರು. ಅದು ಮಣ್ಣಿಗೆ ಜೀವಾಣು ಬಿಡೋಕೆ ಇರೋದು, ಅದೇ ಗೊಬ್ಬರ ಅಂದ್ಕೊಂಡು ಖಾಲಿ ಕೋಕೋಪೀಟ್‌ಗೆ ಸುರಿದ್ರೆ ಗಿಡ ತಿನ್ನೋದೇನು?

ಅಕ್ಟೋಬರ್

ಸಸಿ ನೆಟ್ಟು ಚಿಗುರು ಬಂದಾಯ್ತು. ಪುಡಿ ಸೈಡು ಓಡ್ತಾ ಇದೆ. 19:19:19 (ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇಕಡ 19 ಇರೋ ಪುಡಿ) ಲೀಟರ್‌ಗೆ 1 ಗ್ರಾಂ ಹಾಕ್ತಿದೀನಿ, ಅಂದ್ರೆ ಲೀಟರ್‌ಗೆ 190 ಮಿಲಿಗ್ರಾಂ ಸಾರಜನಕ, ಟೊಮೆಟೊಗೆ ಧಾರಾಳ ಆಯ್ತು. ಹಿಂಡಿ ಸೈಡು ಇನ್ನೂ ತಿಳಿ ಹಸಿರು, ಕೆಳಗಿನ ಎಲೆ ಸ್ವಲ್ಪ ಹಳದಿ. ಗೊಬ್ಬರ ಕಮ್ಮಿ ಆಗಿ ಅಲ್ಲ ಇದು. ಒಂದು ಕೆಜಿ ಎರೆಹುಳು ಗೊಬ್ಬರದಲ್ಲಿ ಶೇಕಡ 1.5 ಅಂತ ಹಿಡಿದ್ರೂ 15 ಗ್ರಾಂ ಸಾರಜನಕ ಇರತ್ತೆ, ಆದ್ರೆ ಅದು ಪ್ರೋಟೀನ್ ಥರದ ದೊಡ್ಡ ಅಣುಗಳಲ್ಲಿ ಸಿಕ್ಕಾಕೊಂಡಿದೆ, ಬ್ಯಾಕ್ಟೀರಿಯಾ ತಿಂದು ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್ ಮಾಡಿ ಕೊಟ್ಟ ಮೇಲೇ ಬೇರಿಗೆ ಸಿಗೋದು. ಕೊನೆಗೆ ಬೇರು ಎಳ್ಕೊಳ್ಳೋ ನೈಟ್ರೇಟ್ ಎರಡೂ ಕಡೆ ಒಂದೇ.

ಮಧ್ಯೆ ಎರಡು ದಿನ ಜೋರು ಮಳೆ. ಪುಡಿ ಸೈಡಿನ ಬ್ಯಾಗ್ ತಳದಿಂದ ನೀರು ಹರಿದು ಗೊಬ್ಬರವೂ ಅದರ ಜೊತೆ ಮೋರಿ ಸೇರ್ತು, ಮತ್ತೆ ಕೊಡಬೇಕಾಯ್ತು. ಹಿಂಡಿ ಸೈಡಿಗೆ ಏನೂ ಮಾಡಲಿಲ್ಲ.

ನೀರಲ್ಲಿ ಕರಗಿದ ಲವಣ ಅಳೆಯೋ ಟಿಡಿಎಸ್ ಮೀಟರ್ ಬಗ್ಗೆ ಒಂದು ಮಾತು. ಕಡಲೆ ಹಿಂಡಿ ನೆನೆಸಿದ ನೀರಿಗೆ ಅದ್ದಿ ಇದರಲ್ಲಿ ಸತ್ವನೇ ಇಲ್ಲ ಅನ್ನೋರಿದಾರೆ. ಮೀಟರ್ ನೋಡೋದು ಕರೆಂಟ್ ಹರಿಸೋ ಲವಣಗಳನ್ನ ಮಾತ್ರ, ಪ್ರೋಟೀನ್ ಅದಕ್ಕೆ ಕಾಣಲ್ಲ. ತಮಾಷೆ ಅಂದ್ರೆ ಯೂರಿಯಾನೂ ಕಾಣಲ್ಲ, 19:19:19 ಒಳಗಿನ ಸಾರಜನಕ ಅರ್ಧಕ್ಕಿಂತ ಜಾಸ್ತಿ ಯೂರಿಯಾ ರೂಪದಲ್ಲೇ ಇರೋದು, ಹಾಗಾಗಿ ಪುಡಿಯವರೂ ಮೀಟರ್ ನೋಡಿ ಜಾಸ್ತಿ ಬೀಗಬೇಕಾಗಿಲ್ಲ.

ನವೆಂಬರ್

ಹೂ ಬಂತು. ಪುಡಿ ಸೈಡಿಗೆ 13:0:45 (ಪೊಟ್ಯಾಸಿಯಂ ನೈಟ್ರೇಟ್) ಶುರು, ಜೊತೆಗೆ ಬೇರೆ ಬಕೆಟ್ಟಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಇನ್ನೊಂದು ದಿನ. ಅಮ್ಮ ಬಟ್ಟೆ ಒಣಗಿಸೋಕೆ ಬಂದವರು "ಅದೇನೋ ಎರಡೆರಡು ಬಕೆಟ್ಟು, ಎಲ್ಲಾ ಒಂದರಲ್ಲೇ ಕಲಸಿ ಹುಯ್ಯಬಾರದಾ" ಅಂದ್ರು. ಒಂದು ಗಾಜಿನ ಲೋಟದಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಗಟ್ಟಿಯಾಗಿ ಕರಗಿಸಿ, ಇನ್ನೊಂದು ಲೋಟದ ಎಪ್ಸಮ್ ನೀರನ್ನ ಅದಕ್ಕೆ ಸುರಿದು ತೋರಿಸ್ದೆ. ಎರಡೂ ತಿಳಿನೀರು, ಸೇರಿದ ಸ್ವಲ್ಪ ಹೊತ್ತಿಗೆ ಮಜ್ಜಿಗೆ ಥರ ಬೆಳ್ಳಗಾಯ್ತು, ಆಮೇಲೆ ತಳದಲ್ಲಿ ಬಿಳಿ ಪುಡಿ ಕೂತ್ಕೊಳ್ತು. ಜಿಪ್ಸಂ ಅದು, ಅಂದ್ರೆ ಕ್ಯಾಲ್ಸಿಯಂ ಸಲ್ಫೇಟ್. "ಸುಣ್ಣ ಆಗೋಯ್ತಲ್ಲೋ" ಅಂದ್ರು. ಹಾಗೆ ಕೂತಿದ್ದು ಗಿಡಕ್ಕೆ ಸಲೀಸಾಗಿ ಸಿಗಲ್ಲ, ಡ್ರಿಪ್ ಇದ್ರೆ ಅದನ್ನೂ ಕಟ್ಟಿಬಿಡತ್ತೆ. ಫಾಸ್ಫೇಟ್ ಇರೋ 19:19:19 ಜೊತೆಗೂ ಇದೇ ಕಥೆ.

ದೀಪಾವಳಿಗೆ ಊರಿಗೆ ಹೋಗಿದ್ವಿ. ಬಂದು ನೋಡಿದ್ರೆ ಪುಡಿ ಸೈಡು ಜೋಲು ಬಿದ್ದಿದೆ, ಬ್ಯಾಗ್ ಅಂಚಲ್ಲಿ ಉಪ್ಪಿನ ಬಿಳಿ ಗೆರೆ. ನೀರು ಆರಿದ ಹಾಗೆ ಉಳಿದ ದ್ರಾವಣದಲ್ಲಿ ಲವಣ ಏರತ್ತೆ, ಬೇರಿಗೆ ನೀರು ಎಳ್ಕೊಳ್ಳೋದು ಇನ್ನೂ ಕಷ್ಟ. ಬರೀ ನೀರನ್ನ ತಳದಿಂದ ಧಾರಾಳ ಹರಿಯೋವರೆಗೂ ಬಿಟ್ಟು ತೊಳೆದೆ. ಗಿಡ ಎದ್ದು ನಿಂತ್ಕೊಳ್ತು, ಆದ್ರೆ ಆಮೇಲೆ ದಪ್ಪ ಆದ ಹೀಚುಗಳಲ್ಲಿ ಕೆಲವಕ್ಕೆ ತಳ ಕಪ್ಪಾಗಿ ಚಪ್ಪಟೆ ಆಗಿದೆ. ಇದಕ್ಕೆ ಎಲ್ಲರೂ ಹೇಳೋದು ಕ್ಯಾಲ್ಸಿಯಂ ಹಾಕಿ, ಮೊಟ್ಟೆ ಚಿಪ್ಪು ಹಾಕಿ ಅಂತ. ಆದ್ರೆ ಇಲ್ಲಿ ಕಮ್ಮಿ ಆಗಿದ್ದು ನೀರು; ಕ್ಯಾಲ್ಸಿಯಂ ನೀರಿನ ಜೊತೆ ಮೇಲಕ್ಕೆ ಹೋಗೋದು, ನೀರು ನಿಂತ್ರೆ ಅದೂ ನಿಲ್ಲತ್ತೆ, ಎಲೆ ಎಳ್ಕೊಂಡು ಉಳಿದಿದ್ದು ಕಾಯಿಗೆ. ಮೊಟ್ಟೆ ಚಿಪ್ಪಂತೂ ನಮ್ಮ ಬೋರ್ ನೀರಿನ ಕ್ಷಾರಕ್ಕೆ ಈ ಬೆಳೆ ಮುಗಿಯೋ ಅಷ್ಟರಲ್ಲಿ ಕರಗೋದೇ ಡೌಟು.

ಹಿಂಡಿ ಸೈಡು ಇಷ್ಟೊತ್ತಿಗೆ ಕಡು ಹಸಿರಾಗಿ ಸಮಕ್ಕೆ ಬಂದಿದೆ. ಎರೆಹುಳು ಗೊಬ್ಬರ ನೀರು ಹಿಡಿದಿಟ್ಟಿತ್ತು, ಊರಿಗೆ ಹೋಗಿದ್ದು ಅದಕ್ಕೆ ಗೊತ್ತೇ ಆಗಿಲ್ಲ.

ಡಿಸೆಂಬರ್

ಚಳಿಗೆ ಮಣ್ಣಿನ ಜೀವಾಣು ನಿಧಾನ, ಹಿಂಡಿ ಸೈಡು ಮತ್ತೆ ಮಂದ. ಕಡಲೆ ಹಿಂಡಿ ನೆನೆಸಿ, ಒಂದಕ್ಕೆ ಹತ್ತು ನೀರು ಸೇರಿಸಿ ಕೊಟ್ಟೆ. ವಾಸನೆ ಬಗ್ಗೆ ಹೇಳೋದೇ ಬೇಡ, ಪಕ್ಕದ್ಮನೆ ಆಂಟಿ ಇಲಿ ಸತ್ತಿದೆಯೇನೋ ನೋಡಪ್ಪ ಅಂತ ಹೇಳಿಕಳಿಸಿದ್ರು. ಪುಡಿ ಸೈಡಿನ ಮೆತ್ತನೆ ಚಿಗುರಿಗೆ ಗಿಡಹೇನು ಹತ್ತಿದೆ, ಬೇವಿನ ಎಣ್ಣೆ ಸ್ಪ್ರೇ.

ಜನವರಿ

ಕಾಯಿ ಕೀಳ್ತಾ ಇದೀವಿ. ಪುಡಿ ಸೈಡು ಮೊದಲು ಹಣ್ಣಾಯ್ತು, ತೂಕವೂ ಸ್ವಲ್ಪ ಜಾಸ್ತಿನೇ, ಕೊಳೆತಿದ್ದನ್ನ ಕಳೆದ ಮೇಲೂ. ರುಚಿ? ಯಾವುದು ಯಾವುದು ಅಂತ ಹೇಳದೆ ಹೆಚ್ಚಿಟ್ಟೆ, ಮನೇಲಿ ಒಬ್ಬರೂ ಗುರುತು ಹಿಡೀಲಿಲ್ಲ. ಹುಳಿ ಬೇಕು ಅಂದ್ರೆ ನಾಟಿ ಟೊಮೆಟೊನೇ ಹಾಕ್ಬೇಕು, ಗೊಬ್ಬರ ಬದಲಾಯಿಸಿ ಪ್ರಯೋಜನ ಇಲ್ಲ.

ನನ್ನ ಮಟ್ಟಿಗೆ ಕೇಳ್ಬೇಕಾದ ಪ್ರಶ್ನೆ ಒಂದೇ, ದಿನಾ ಮೇಲೆ ಹತ್ತಿ ನೋಡೋಕಾಗತ್ತಾ ಇಲ್ವಾ. ದಿನಾ ನೋಡೋರಿಗೆ ಪುಡಿ ಸಲೀಸು, ಕೇಳಿದ್ದು ತಕ್ಷಣ ಕೊಡತ್ತೆ, ತಪ್ಪಿದ್ರೂ ತಕ್ಷಣ ತೋರಿಸತ್ತೆ. ವಾರಾಂತ್ಯದ ತೋಟಗಾರರು ಹಿಂಡಿ ಹಾಕಿ, ಮೊದಲ ತಿಂಗಳ ಹಳದಿ ಎಲೆ ನೋಡಿ ಗಾಬರಿ ಆಗದೆ ಕೂತ್ಕೋಬೇಕು ಅಷ್ಟೇ.

ಬೇಸಿಗೆಗೆ ಮೆಣಸಿನಕಾಯಿ. ಪೈಪ್ ಮುಟ್ಟೋ ಮೆಟ್ಟಿಲ ಕಡೆ ಪುಡಿ, ಟ್ಯಾಂಕ್ ಹಿಂದಿನ ಮೂಲೆ ಪೂರ್ತಿ ಹಿಂಡಿ. ಪುಡಿ ಸೈಡಿನ ಹಳೇ ಕೋಕೋಪೀಟನ್ನ ತೊಳೆದು ಒಣಗಿಸಿಟ್ಟಿದೀನಿ, ಹಿಂಡಿ ಸೈಡಿನ ಮಣ್ಣಿಗೆ ಸದ್ಯಕ್ಕೆ ಮೆಂತ್ಯ ಎರಚಿದ್ದಾಯ್ತು.