ಯಾರೂ ನೋಡದ ಮೇಜಿನ ಓರಣ

2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ಕೇರಳ–ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ, ದಿನವೂ ಮಂಗಳೂರಿಗೆ ಹೋಗಿಬರುತ್ತಿದ್ದ ಕಾಸರಗೋಡಿನ ಎಷ್ಟೋ ಮಂದಿಯಂತೆ ನಾನೂ ಮನೆಯಲ್ಲಿ ಕುಳಿತು ಕೆಲಸ ಮಾಡಲು ತೊಡಗಿದೆ. ಗಡಿ ತೆರೆದ ಮೇಲೂ ನಮ್ಮ ಲೆಕ್ಕಪರಿಶೋಧಕರು ಆ ಏರ್ಪಾಡನ್ನೇ ಮುಂದುವರಿಸಿದ್ದರಿಂದ, ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಚಾವಡಿಗೆ ತಾಗಿದ ಕೋಣೆಯ ಹಲಸಿನ ಮರದ ಮೇಜು ನನ್ನ ಕಚೇರಿಯಾಗಿಯೇ ಉಳಿಯಿತು. ಮಂಗಳೂರಿನಲ್ಲಿ ಮೇಜನ್ನು ಅಚ್ಚುಕಟ್ಟಾಗಿಡು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹಿರಿಯರು ಹಾದುಹೋಗುವಾಗ ಒಮ್ಮೆ ಕಣ್ಣು ಹಾಯಿಸಿದರೆ ಸಾಕಿತ್ತು. ಮನೆಯಲ್ಲಿ ಆ ನೋಟವಿಲ್ಲ. ವಿಡಿಯೋ ಕರೆಯಲ್ಲಿ ಕಾಣುವುದು ನನ್ನ ಮುಖವೂ ಬೆನ್ನ ಹಿಂದಿನ ಗೋಡೆಯೂ ಮಾತ್ರ. ಮೇಜಿನ ಮೇಲೆ ಏನು ರಾಶಿ ಬಿದ್ದಿದ್ದರೂ ಎದುರಿನವರಿಗೆ ತಿಳಿಯುವುದಿಲ್ಲ. ಆದುದರಿಂದ ಇನ್ನೊಬ್ಬರಿಗೆ ಅಂಜಿ ಬರುವ ಶಿಸ್ತು ಇಲ್ಲಿ ನಡೆಯದು. ಓರಣದಿಂದ ನನಗೇ ಏನಾದರೂ ಲಾಭವಿದೆಯೆಂದು ಕಂಡರೆ ಮಾತ್ರ ಕೈ ಮುಂದಾಗುತ್ತದೆ.

ನನ್ನ ಕೆಲಸದಲ್ಲಿ ಆ ಲಾಭವನ್ನು ತಿಂಗಳಿಗೆ ಎರಡು ಬಾರಿ ಕಾಣಬಹುದು. ಪ್ರತಿ ತಿಂಗಳೂ ಜಿಎಸ್‌ಟಿ ವಿವರ ಸಲ್ಲಿಸುವ ವ್ಯಾಪಾರಿಗಳ ಮಾರಾಟದ ಲೆಕ್ಕವನ್ನು ಮುಂದಿನ ತಿಂಗಳ 11ನೇ ತಾರೀಕಿನೊಳಗೂ ತೆರಿಗೆಯ ಲೆಕ್ಕವನ್ನು 20ನೇ ತಾರೀಕಿನೊಳಗೂ ಸಲ್ಲಿಸಬೇಕು. ಆ ದಿನಗಳಲ್ಲಿ ಒಂದು ಬಿಲ್ಲಿಗಾಗಿ ಇಡೀ ಮೇಜನ್ನು ಕೆದಕುವುದಕ್ಕಿಂತ ದೊಡ್ಡ ಪ್ರೇರಣೆಯನ್ನು ನಾನು ಕಂಡಿಲ್ಲ. ಅಂಗಡಿಗಳ ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲುಗಳ ಕಥೆ ಇನ್ನೂ ಬೇರೆ. ಅದರಲ್ಲಿ ಶಾಯಿಯೇ ಇರುವುದಿಲ್ಲ; ಕಾಗದಕ್ಕೆ ಲೇಪಿಸಿದ ರಾಸಾಯನಿಕ ಶಾಖಕ್ಕೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಬಿಸಿಲು, ಬಿಸಿ, ಎಣ್ಣೆಯ ಕೈ, ಕೊನೆಗೆ ಜೋಪಾನವಾಗಿರಲೆಂದು ನಾವು ತುರುಕುವ ಪ್ಲಾಸ್ಟಿಕ್ ಲಕೋಟೆ ಕೂಡ ಆ ಅಕ್ಷರಗಳನ್ನು ಅಳಿಸಿಬಿಡಬಲ್ಲದು. ಹಾಗಾಗಿ ಅಂತಹ ಬಿಲ್ಲು ಕೈಗೆ ಬಂದೊಡನೆ ಮೊಬೈಲಿನಲ್ಲಿ ಚಿತ್ರ ತೆಗೆದು, ಕಾಗದವನ್ನು ಆಯಾ ವ್ಯಾಪಾರಿಯ ಫೈಲಿಗೆ ಸೇರಿಸುತ್ತೇನೆ. ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ದಾಖಲೆಗಳನ್ನು ಕಾಪಾಡಬೇಕೆಂದು ಕಾನೂನು ಹೇಳುತ್ತದೆ. ಮೇಜಿನ ಮೇಲೆಯೇ ಕಾಪಾಡಬೇಕೆಂದು ಎಲ್ಲಿಯೂ ಹೇಳಿಲ್ಲ.

ನಮ್ಮ ಊರಿನ ಮಳೆಗಾಲವೂ ಒಂದು ಕಾರಣ. ಗಾಳಿಯ ತೇವಾಂಶ ಶೇಕಡಾ 70ನ್ನು ಮೀರಿ ಹಾಗೆಯೇ ನಿಂತರೆ ಬೂಸ್ಟು ಬೆಳೆಯಲು ಅನುಕೂಲ, ಮತ್ತು ಆಷಾಢದಲ್ಲಿ ಕಾಸರಗೋಡಿನ ಗಾಳಿ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಕಾಗದಗಳನ್ನು ಒಂದರ ಮೇಲೊಂದು ಒಟ್ಟಿ ಅಲುಗಾಡಿಸದೆ ಬಿಟ್ಟರೆ ಅಡಿಯ ಹಾಳೆಗಳು ಮೆತ್ತಗಾಗಿ ಅಂಟಿಕೊಳ್ಳುತ್ತವೆ, ಫೈಲಿನ ರಟ್ಟಿನ ಮೇಲೆ ಬೂದುಬಣ್ಣದ ಚುಕ್ಕಿಗಳು ಏಳುತ್ತವೆ, ಆ ಸಂದಿಗಳಲ್ಲಿ ಜಿರಳೆಗಳು ಸಂಸಾರ ಹೂಡುತ್ತವೆ. ಬೆಂಗಳೂರಿನ ಗೆಳೆಯರಿಗೆ ಕಾಗದದ ರಾಶಿ ಕಣ್ಣಿಗೆ ಮಾತ್ರ ಕಿರಿಕಿರಿ. ನಮಗಾದರೋ ಅದು ನಷ್ಟದ ಬಾಬತ್ತು.

ಇಷ್ಟಾದರೂ ಮೇಜನ್ನು ತುಂಬಿಸುವುದು ನನ್ನ ಕೆಲಸದ ಕಾಗದಗಳಲ್ಲ, ಮನೆಯವರದು. ಅಪ್ಪನ ಭೂಮಿಯ ತೀರ್ವೆ ರಶೀದಿ, ಅಡಿಕೆ ಮಾರಿದ ಚೀಟಿ, ಸೊಸೈಟಿಯ ಪಾಸ್‌ಪುಸ್ತಕ, ಕರೆಂಟು ಬಿಲ್ಲು ಎಲ್ಲವೂ ‘ಇಲ್ಲಿ ಇರಲಿ, ಮತ್ತೆ ನೋಡುವ’ ಎಂಬ ಮಾತಿನೊಂದಿಗೆ ಬಂದು ಕೂರುತ್ತವೆ. ಇವುಗಳಿಗೆ ಚಾವಡಿಯ ಗೋಡೆಯಲ್ಲಿ ಒಂದು ಬಟ್ಟೆಯ ಚೀಲ ತೂಗುಹಾಕಿದ ಮೇಲೆ ಅರ್ಧ ಭಾರ ಇಳಿಯಿತು. ಇಳಿಯದೆ ಉಳಿದದ್ದು ಆಮಂತ್ರಣ ಪತ್ರಿಕೆಗಳು. ಮಕರದಿಂದ ಮೇಷದವರೆಗೆ, ಅಂದರೆ ಜನವರಿ ನಡುವಿನಿಂದ ಮೇ ನಡುವಿನವರೆಗೆ, ದೇವಸ್ಥಾನಗಳ ಬ್ರಹ್ಮಕಲಶ, ದೈವಗಳ ನೇಮ, ಕಳಿಯಾಟ, ಬಯಲಾಟ, ಮದುವೆಗಳ ಕಾಗದಗಳು ಎಡೆಬಿಡದೆ ಬರುತ್ತವೆ. ಬ್ರಹ್ಮಕಲಶದ ಆಮಂತ್ರಣವೆಂದರೆ ಒಂದು ಹಾಳೆಯಲ್ಲ, ಬಣ್ಣದ ಪುಸ್ತಕವೇ: ಮುಖಪುಟದಲ್ಲಿ ದೇವರು, ಒಳಗೆ ಸಮಿತಿಯವರ ಸಾಲು ಸಾಲು ಹೆಸರುಗಳು, ಹಿಂದಿನ ಪುಟದಲ್ಲಿ ಹೊರೆಕಾಣಿಕೆಯ ವಿವರ. ದೇವರ ಚಿತ್ರವಿರುವುದನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಹಾಗಾಗಿ ಕಾರ್ಯಕ್ರಮ ಮುಗಿದ ಮೇಲೂ ಅದು ಮೇಜಿನಿಂದ ಏಳುವುದಿಲ್ಲ. ಈಗ ಪತ್ರಿಕೆ ಬಂದ ದಿನವೇ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅಮ್ಮನಿಗೆ ಕೊಡುತ್ತೇನೆ. ಅವರು ಚಿತ್ರವನ್ನು ಕತ್ತರಿಸಿ ಪೆಟ್ಟಿಗೆಗೆ ಹಾಕುತ್ತಾರೆ. ಉಳಿದದ್ದು ಬಚ್ಚಲ ಒಲೆಗೆ.

ಮೇಜು ಹರಡಿಕೊಂಡಿದ್ದರೇ ಹೊಸ ಯೋಚನೆಗಳು ಬರುತ್ತವೆ ಎಂದು ವಾದಿಸುವವರಿದ್ದಾರೆ. ಅವರಿಗೆ ಆಧಾರವಿಲ್ಲದಿಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ವೋಸ್ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಸ್ತವ್ಯಸ್ತ ಕೋಣೆಯಲ್ಲಿ ಕುಳಿತವರ ಆಲೋಚನೆಗಳು ಹೆಚ್ಚು ಹೊಸತನದಿಂದ ಕೂಡಿದ್ದುವು, ಓರಣವಾದ ಕೋಣೆಯಲ್ಲಿದ್ದವರು ಚಾಕೊಲೇಟಿನ ಬದಲು ಸೇಬನ್ನು ಆರಿಸಿಕೊಂಡದ್ದು ಹೆಚ್ಚು. ಕವಿಗಳಿಗೆ ಇದು ಸಂತೋಷದ ಸುದ್ದಿ. ಆದರೆ ತೆರಿಗೆಯ ಲೆಕ್ಕದಲ್ಲಿ ನಾನು ಹೊಸತನ ತೋರಿಸಿದರೆ ಬರುವುದು ನೋಟಿಸು.

ಇನ್ನು ಯಾವಾಗ ಜೋಡಿಸುವುದು ಎಂಬ ಪ್ರಶ್ನೆ. ಆಯುಧಪೂಜೆಯಂದು ಲ್ಯಾಪ್‌ಟಾಪನ್ನೂ ಪೆನ್ನುಗಳನ್ನೂ ದೇವರ ಮುಂದಿಟ್ಟು ಮೇಜನ್ನು ಪೂರ್ತಿ ಒರೆಸುವುದುಂಟು, ಆದರೆ ವರ್ಷಕ್ಕೊಮ್ಮೆಯ ಉತ್ಸಾಹ ಹೆಚ್ಚು ದಿನ ಬಾಳುವುದಿಲ್ಲ. ಭಾನುವಾರಕ್ಕೆಂದು ಮುಂದೂಡಿದ ಕೆಲಸವನ್ನು ಭಾನುವಾರದ ನೆಂಟರು ತಿಂದುಹಾಕುತ್ತಾರೆ. ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ 1999ರ ತಮ್ಮ ಲೇಖನದಲ್ಲಿ, ‘ಮಾಡಬೇಕು’ ಎಂಬ ಬರಿಯ ಸಂಕಲ್ಪಕ್ಕಿಂತ ‘ಇಂತಹದು ನಡೆದಾಗ ಇಂತಹದನ್ನು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡ ಕೆಲಸ ಹೆಚ್ಚಾಗಿ ನೆರವೇರುತ್ತದೆ ಎಂದು ವಿವರಿಸಿದ್ದಾರೆ. ನಮ್ಮ ಮನೆಯಲ್ಲಿ ತಪ್ಪದೆ ನಡೆಯುವುದು ಮುಸ್ಸಂಜೆಯ ದೀಪ. ಅಮ್ಮ ದೀಪ ಹಚ್ಚಿ ‘ಇನ್ನೂ ಮುಗಿಯಲಿಲ್ಲವಾ ನಿನ್ನದು?’ ಎಂದು ಕೇಳುವ ಹೊತ್ತಿಗೆ ನಾನು ಕಾಗದಗಳನ್ನು ಫೈಲಿಗೆ ಸೇರಿಸಿ, ಚಹದ ಲೋಟವನ್ನು ಒಳಗಿಟ್ಟು, ಮರುದಿನ ಮೊದಲು ಮಾಡಬೇಕಾದ ಒಂದೇ ಫೈಲನ್ನು ಮೇಜಿನ ಮೇಲೆ ಬಿಡುತ್ತೇನೆ. ಮನಸ್ಸಿದೆಯೋ ಇಲ್ಲವೋ ಎಂದು ವಿಚಾರಿಸುವಷ್ಟು ಸಮಯವೂ ಅದಕ್ಕೆ ಹಿಡಿಯುವುದಿಲ್ಲ.

ತಂತಿಗಳ ಗೋಜಲು ಮಾತ್ರ ಇನ್ನೂ ಬಗೆಹರಿದಿಲ್ಲ. ಅಕ್ಟೋಬರ್ ನಡುವಿನಲ್ಲಿ ತೊಡಗುವ ತುಲಾ ತಿಂಗಳಲ್ಲಿ ಮಧ್ಯಾಹ್ನ ಕಳೆದೊಡನೆ ಗುಡುಗು ಶುರುವಾದರೆ ಮೋಡೆಮ್, ಪ್ರಿಂಟರ್, ಚಾರ್ಜರ್ ಎಲ್ಲದರ ಪ್ಲಗ್ ಕೀಳಲೇಬೇಕು. ಕಿತ್ತ ತಂತಿಗಳು ಮೇಜಿನ ಮೇಲೆಯೇ ಬಿದ್ದಿರುತ್ತವೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿ ಅದನ್ನು ಮೇಜಿನ ಕಾಲಿಗೆ ಕಟ್ಟಿದರೆ ಗೋಡೆಯ ಒಂದು ಪ್ಲಗ್ ಕಿತ್ತರೆ ಸಾಕೆಂದು ಅಪ್ಪ ಹೇಳುತ್ತಿದ್ದಾರೆ. ಬರುವ ಮಳೆಗಿಂತ ಮೊದಲು ಅದನ್ನು ಮಾಡಿ ನೋಡಬೇಕು.