ಸಿಲಿಂಡರ್ ತೂಕದ ಪುಸ್ತಕ: ಹತ್ತನೇ ವಾರ

ಇವತ್ತು ಭಾನುವಾರ ಬೆಳಗಿನ ತೂಕ 19.2 ಕೆಜಿ. ಸಿಲಿಂಡರಿನ ಮೇಲೆ ಬರೆದಿರುವ ಖಾಲಿ ತೂಕ 16.1. ಅಲ್ಲಿಗೆ ಒಳಗೆ ಇನ್ನೂ 3.1 ಕೆಜಿ ಗ್ಯಾಸ್ ಇದೆ. ಹಾಕಿ ಇವತ್ತಿಗೆ 33 ದಿನ. ಜೂನ್ ತನಕ ನಮ್ಮ ಮನೆಯಲ್ಲಿ ಮೂವತ್ತಮೂರನೇ ದಿನ ಅಂದರೆ ಸಿಲಿಂಡರ್ ಮುಗಿಯುವ ದಿನ. ಅದಕ್ಕೇ ಇವತ್ತು ಸ್ವಲ್ಪ ಉದ್ದವಾಗಿ ಬರೆಯೋಣ ಅನ್ನಿಸಿತು.

ಹಾಸನದಲ್ಲಿ ನಮ್ಮದು ಐದು ಜನರ ಮನೆ. ಅಮ್ಮ, ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ನಮ್ಮಾಕೆ ಏಳು ಗಂಟೆ ಬಸ್ಸಿಗೆ ಹೊರಡಬೇಕು, ಹಾಗಾಗಿ ಬೆಳಗಿನ ಅಡುಗೆ ನನ್ನದು. ಗ್ಯಾಸ್ ಉಳಿಸುವ ಸಲಹೆಗಳನ್ನು ಎಷ್ಟೋ ಕಡೆ ಓದಿದ್ದೆ. ಯಾವುದರಿಂದ ನಿಜವಾಗಿ ಎಷ್ಟು ಉಳಿಯುತ್ತದೆ ಅಂತ ಮಾತ್ರ ಯಾರೂ ಹೇಳುತ್ತಿರಲಿಲ್ಲ. ತೂಗಿ ನೋಡದೆ ಗೊತ್ತಾಗುವುದಿಲ್ಲ ಅನ್ನಿಸಿ ಜುಲೈ ಮೊದಲ ಭಾನುವಾರ, ಹೊಸ ಸಿಲಿಂಡರ್ ಹಾಕಿದ ದಿನ, ನೂರು ಪುಟದ ನೋಟ್‌ಬುಕ್ ತೆರೆದೆ.

ತೂಗುವುದು ಕಷ್ಟವಲ್ಲ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಖಾಲಿ ತೂಕ ಒಂದೊಂದು ಸಿಲಿಂಡರಿಗೆ ಒಂದೊಂದು, ಅದನ್ನು ಅದರ ಮೇಲೇ ಬರೆದಿರುತ್ತಾರೆ. ಒಲೆ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ ತೆಗೆದು, ಮುಚ್ಚಳ ಹಾಕಿ, ಸಿಲಿಂಡರನ್ನು ನೆಟ್ಟಗೇ ಎತ್ತಿ ನಾವು ಮೈತೂಕ ನೋಡುವ ಯಂತ್ರದ ಮೇಲೆ ಇಡುತ್ತೇನೆ. ಎರಡನೇ ಸಿಲಿಂಡರ್ ಬಂದಾಗ ಹಳೆಯದರ 15.6 ಅನ್ನೇ ಕಳೆದು ಅರ್ಧ ಕೆಜಿ ಲೆಕ್ಕ ತಪ್ಪಿಸಿದ್ದೆ. ಆಮೇಲಿನಿಂದ ಸಿಲಿಂಡರ್ ಬದಲಾದ ದಿನವೇ ಅದರ ಖಾಲಿ ತೂಕವನ್ನು ಪುಟದ ನೆತ್ತಿಯಲ್ಲಿ ಬರೆದಿಡುತ್ತೇನೆ.

ಒಂದು, ಎರಡನೇ ವಾರ: ಖರ್ಚಾದ ಗ್ಯಾಸ್ 3.1 ಕೆಜಿ, 3.0 ಕೆಜಿ

ಏನನ್ನೂ ಬದಲಿಸಲಿಲ್ಲ. ಯಾವ ಹೊತ್ತಿಗೆ, ಯಾತಕ್ಕೆ, ಎಷ್ಟು ನಿಮಿಷ ಒಲೆ ಉರಿಯಿತು ಅನ್ನುವುದನ್ನಷ್ಟೇ ಬರೆದುಕೊಂಡೆ. ದಿನಕ್ಕೆ ಹತ್ತೊಂಬತ್ತು ಇಪ್ಪತ್ತು ಸಲ ಒಲೆ ಹಚ್ಚುತ್ತಿದ್ದೆವು. ಕಾಫಿಗೆ, ಮತ್ತೆ ಕಾಫಿಗೆ, ಹಾಲು ಬಿಸಿಗೆ, ಸಾರು ಬಿಸಿಗೆ. ಅಷ್ಟೊಂದು ಸಲ ಅಂತ ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

ಮೂರನೇ ವಾರ: 2.6 ಕೆಜಿ

ಪಟ್ಟಿಯಲ್ಲಿ ಎಲ್ಲಕ್ಕಿಂತ ಉದ್ದವಾಗಿ ಒಲೆ ಉರಿಯುತ್ತಿದ್ದದ್ದು ಅಡುಗೆಗಲ್ಲ, ಅಮ್ಮನ ಸ್ನಾನದ ನೀರಿಗೆ. ಗೀಸರ್ ನೀರು ಮೈಗೆ ಒಗ್ಗುವುದಿಲ್ಲ ಅಂತ ಅವರು ದಿನಾ ದೊಡ್ಡ ಪಾತ್ರೆಯಲ್ಲಿ ಗ್ಯಾಸಿನ ಮೇಲೇ ಕಾಯಿಸಿಕೊಳ್ಳುತ್ತಿದ್ದರು. ಹತ್ತು ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 1,600 ಕಿಲೋಜೂಲ್ ಶಾಖ ಬೇಕು. ಒಂದು ಕೆಜಿ ಎಲ್‌ಪಿಜಿ ಉರಿದರೆ ಬರುವುದು ಸುಮಾರು 46,000. ಅದರಲ್ಲಿ ಪಾತ್ರೆಗೆ ದಕ್ಕುವುದು ಹತ್ತರಲ್ಲಿ ಆರು ಪಾಲು ಅಂತ ಹಿಡಿದರೂ ದಿನಕ್ಕೆ 58 ಗ್ರಾಂ ಗ್ಯಾಸ್ ಆಯಿತು, ವಾರಕ್ಕೆ 400 ಗ್ರಾಂ.

ಹಿತ್ತಲ ಬಚ್ಚಲಲ್ಲಿ ಹಂಡೆ ಒಲೆ ಇತ್ತು, ಅದರೊಳಗೆ ನಾವು ಹಳೆ ಪೇಪರ್ ತುಂಬಿಟ್ಟಿದ್ದೆವು. ಅದನ್ನು ಖಾಲಿ ಮಾಡಿ ತೆಂಗಿನ ಸಿಪ್ಪೆ, ಕರಟ, ಮಟ್ಟೆ ಹಾಕಿ ಹಚ್ಚಿದೆ. ಮೊದಲ ಮೂರು ದಿನ ಬರೀ ಹೊಗೆ. ಆಷಾಢದ ಮಳೆಗೆ ಸಿಪ್ಪೆಯೆಲ್ಲ ಥಂಡಿ ಹಿಡಿದಿತ್ತು. ಅದನ್ನು ಅಟ್ಟಕ್ಕೆ ಸಾಗಿಸಿ ಒಣಗಿಸಿದ ಮೇಲೆ ಉರಿ ಸರಿಯಾಯಿತು. ಆದರೂ ಹಂಡೆ ಮತ್ತು ಗೋಡೆಯ ನಡುವಿನ ಸಂದಿನಿಂದ ಉರಿ ಹೊರಗೆ ಹೋಗುತ್ತಿತ್ತು. ಊರಿನ ಮನೆಯಲ್ಲಿ ಅಸ್ತ್ರ ಒಲೆ ಇದ್ದದ್ದು ಆಗ ನೆನಪಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನುವ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು ರೂಪಿಸಿದ ಒಲೆ ಅದು. ಅದರಲ್ಲಿ ಪಾತ್ರೆ ಒಲೆಯ ಬಾಯಿಗೆ ಬಿಗಿಯಾಗಿ ಕೂರುತ್ತಿತ್ತು, ಉರಿ ಪಾತ್ರೆಯ ತಳಕ್ಕೆ ತಾಗದೆ ಆಚೆ ಹೋಗುವಂತಿರಲಿಲ್ಲ. ನಾನೂ ಹಂಡೆಯ ಸುತ್ತ ಮಣ್ಣು ಮೆತ್ತಿ, ಹೊಗೆ ಕೊಳವೆಯತ್ತ ಮಾತ್ರ ದಾರಿ ಬಿಟ್ಟೆ. ಈಗ ಅರ್ಧ ಬುಟ್ಟಿ ಸಿಪ್ಪೆಯಲ್ಲಿ ಅಮ್ಮನಿಗೂ ಮಕ್ಕಳಿಗೂ ಸಾಕಾಗುವಷ್ಟು ನೀರು ಕಾಯುತ್ತದೆ. ನನಗೆ ಹಿಡಿಯುವುದು ಹಚ್ಚುವ ಐದು ನಿಮಿಷ, ಮಧ್ಯೆ ಒಮ್ಮೆ ಸಿಪ್ಪೆ ತಳ್ಳುವ ಒಂದು ನಿಮಿಷ. ಅಮ್ಮನಿಗಂತೂ ಹಂಡೆ ನೀರೇ ಬೇಕಿತ್ತು, ಇಷ್ಟು ವರ್ಷ ಬಾಯಿಬಿಟ್ಟು ಕೇಳಿರಲಿಲ್ಲ. ಅದು ನನಗೆ ಬಹಳ ಹೊತ್ತು ಮನಸ್ಸಿನಲ್ಲಿ ಕೊರೆಯಿತು.

ನಾಲ್ಕು, ಐದನೇ ವಾರ: 2.5 ಕೆಜಿ, 2.3 ಕೆಜಿ

ಈ ಎರಡು ವಾರ ಕುಕ್ಕರಿನದು. ಹಾಸನ ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಅದು ಹತ್ತಿರಹತ್ತಿರ 120. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವುದು ನಮ್ಮಂಥ ಊರಿನಲ್ಲಿ ಇನ್ನಷ್ಟು ದುಬಾರಿ.

ನಾನು ತಿದ್ದಿಕೊಂಡದ್ದು ಕೂಗಿನ ಲೆಕ್ಕವನ್ನು. ಮೊದಲು ಬೇಳೆಗೆ ದೊಡ್ಡ ಉರಿಯಲ್ಲಿ ಐದು ಕೂಗು ಕೂಗಿಸುತ್ತಿದ್ದೆ. ಕೂಗು ಅಂದರೆ ಹೆಚ್ಚಾದ ಆವಿ ಆಚೆ ಹೋಗುವುದು, ಅಷ್ಟೇ. ಒಮ್ಮೆ ಕೂಗಿದ ಮೇಲೆ ಉರಿ ಎಷ್ಟು ಜೋರಾಗಿದ್ದರೂ ಒಳಗಿನ ಶಾಖ ಏರುವುದಿಲ್ಲ. ಈಗ ಬೇಳೆಯನ್ನು ಎದ್ದ ತಕ್ಷಣ ನೆನೆಹಾಕುತ್ತೇನೆ, ಹಂಡೆ ಒಲೆ ಹಚ್ಚಿ ಬರುವಷ್ಟರಲ್ಲಿ ಅರ್ಧ ಗಂಟೆ ಆಗಿರುತ್ತದೆ. ಒಂದು ಕೂಗು, ಉರಿ ಸಣ್ಣ, ಎಂಟು ನಿಮಿಷ, ಆಫ್. ಆವಿ ತಾನಾಗಿ ಇಳಿಯುವ ತನಕ ಮುಚ್ಚಳ ಮುಟ್ಟುವುದಿಲ್ಲ, ಆ ಹೊತ್ತಿನಲ್ಲೂ ಬೇಯುತ್ತಲೇ ಇರುತ್ತದೆ. ಹುಣಸೆಹುಳಿಯನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕು. ಹುಳಿ ಮೊದಲೇ ಬಿದ್ದರೆ ಬೇಳೆ ಮೆತ್ತಗಾಗುವುದು ತಡ.

ಕೆಳಗೆ ಬೇಳೆ, ಮಧ್ಯೆ ಅನ್ನ, ಮೇಲೆ ತರಕಾರಿ, ಮೂರು ಡಬ್ಬಿ ಒಂದೇ ಕುಕ್ಕರಿನಲ್ಲಿ. ಮೊದಲ ದಿನ ಅನ್ನ ಗಂಜಿಯಂತಾಯಿತು, ಹುರುಳಿಕಾಯಿ ಬಣ್ಣಗೆಟ್ಟಿತು. ಅನ್ನಕ್ಕೆ ನೀರು ಕಡಿಮೆ ಮಾಡಿದೆ, ಹುರುಳಿಕಾಯಿ ಬಿಟ್ಟು ಆಲೂಗಡ್ಡೆ, ಬೀಟ್‌ರೂಟ್, ಕುಂಬಳ ಮಾತ್ರ ಇಡುತ್ತೇನೆ. ನನಗೆ ತುಂಬಾ ಇಷ್ಟವಾದದ್ದು ಅಮ್ಮ ತೋರಿಸಿದ ಉಪಾಯ. ಡಬ್ಬಿಗಳ ಕೆಳಗೆ ಕುಕ್ಕರಿನ ತಳದಲ್ಲಿ ಉಳಿಯುವ ಬಿಸಿನೀರನ್ನು ಚೆಲ್ಲದೆ ಮುದ್ದೆಯ ಎಸರಿಗೆ ಹಾಕುವುದು. ಅದು ಮತ್ತೆ ಕುದಿಯಲು ಒಂದೆರಡು ನಿಮಿಷ ಸಾಕು. ಮುದ್ದೆ ತೊಳಸುವ ಕೆಲಸವನ್ನು ಮಾತ್ರ ನಾನು ಮುಟ್ಟಿಲ್ಲ. ಹಿಟ್ಟು ಬೇಯಲು ಬೇಕಾದಷ್ಟು ಹೊತ್ತು ಬೇಕೇ ಬೇಕು, ಅರೆಬೆಂದ ಮುದ್ದೆ ತಿಂದು ಗ್ಯಾಸ್ ಉಳಿಸುವುದು ನನಗೆ ಬೇಡ.

ಬರ್ನರ್ ಸ್ವಚ್ಛ ಮಾಡಿದ್ದೂ ಇದೇ ವಾರ. ಪಾತ್ರೆಯ ತಳ ಕಪ್ಪಾಗುತ್ತಿದ್ದರೆ, ಉರಿ ಹಳದಿಯಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ. ಬಿಸಿನೀರಿಗೆ ಹುಣಸೆಹಣ್ಣು ಹಾಕಿ ಬರ್ನರ್ ತಲೆಯನ್ನು ರಾತ್ರಿ ನೆನೆಸಿ, ಬೆಳಗ್ಗೆ ಪಿನ್ನಿನಲ್ಲಿ ತೂತು ಬಿಡಿಸಿ, ಪೂರ್ತಿ ಒಣಗಿಸಿ ಹಾಕಿದೆ. ನೀಲಿ ಬಂತು.

ಆರನೇ ವಾರ: 3.4 ಕೆಜಿ

ವರಮಹಾಲಕ್ಷ್ಮಿ ಹಬ್ಬ. ಒಬ್ಬಟ್ಟು, ಕೋಸಂಬರಿ, ನೆಂಟರು. ಹಬ್ಬದ ದಿನ ಪುಸ್ತಕ ತೆರೆಯಲಿಲ್ಲ.

ಏಳರಿಂದ ಹತ್ತು: 2.2, 2.1, 2.1, 2.0 ಕೆಜಿ

ಹುಲ್ಲಿನ ಬುಟ್ಟಿ ಬಂದದ್ದು ಇಲ್ಲಿ. ದೊಡ್ಡ ಬಿದಿರಿನ ಬುಟ್ಟಿಗೆ ಒಣ ಭತ್ತದ ಹುಲ್ಲು ಒತ್ತಿ ತುಂಬಿ, ನಡುವೆ ಪಾತ್ರೆ ಕೂರುವಷ್ಟು ಗುಳಿ ಮಾಡಿ, ಮೇಲೆ ಹಳೆ ಕಂಬಳಿ ಮಡಚಿಟ್ಟೆ. ರಾತ್ರಿಯ ಅನ್ನಕ್ಕೆ ಅಕ್ಕಿ ಕುದಿ ಬಂದ ಮೇಲೆ ಐದು ನಿಮಿಷ ಒಲೆಯ ಮೇಲಿರುತ್ತದೆ, ಆಮೇಲೆ ಮುಚ್ಚಳದ ಸಮೇತ ಬುಟ್ಟಿಗೆ. ಮುಕ್ಕಾಲು ಗಂಟೆಯಲ್ಲಿ ಅನ್ನ ಉದುರುದುರಾಗಿ ಸಿದ್ಧ. ಪಾತ್ರೆ ಬಾಯಿತನಕ ತುಂಬಿದ್ದರೆ ಶಾಖ ಚೆನ್ನಾಗಿ ನಿಲ್ಲುತ್ತದೆ, ಅರೆ ತುಂಬಿದ್ದರೆ ಬೇಗ ಆರುತ್ತದೆ. ಗ್ಯಾಸಿಗಿಂತ ಹೆಚ್ಚಾಗಿ ಇಲ್ಲಿ ಉಳಿದದ್ದು ಸಮಯ. ಉಕ್ಕುತ್ತದೆ, ತಳ ಹಿಡಿಯುತ್ತದೆ ಅನ್ನುವ ಕಾವಲು ಇಲ್ಲ, ಆ ಹೊತ್ತಿನಲ್ಲಿ ಮಗಳ ಜೊತೆ ಮಗ್ಗಿ ಹೇಳಿಸುತ್ತೇನೆ.

ಇದನ್ನು ಮಾಡಿ ನೋಡುವವರಿಗೆ ಎರಡು ಎಚ್ಚರಿಕೆಯ ಮಾತು. ಅನ್ನವನ್ನು ಬುಟ್ಟಿಯಲ್ಲೇ ಉಗುರುಬೆಚ್ಚಗೆ ಗಂಟೆಗಟ್ಟಲೆ ಬಿಡಬೇಡಿ, 60 ಡಿಗ್ರಿಗಿಂತ ಕೆಳಗಿಳಿದರೆ ರೋಗಾಣು ಬೆಳೆಯಲು ಅನುಕೂಲ. ರಾಜ್ಮಾ ಕಾಳನ್ನು ಬುಟ್ಟಿಯಲ್ಲಿ ಬೇಯಿಸಲೇಬೇಡಿ. ಅದರಲ್ಲಿರುವ ವಿಷಾಂಶ ಹೋಗಲು ನೆನೆಸಿ, ನೀರು ಬಸಿದು, ಚೆನ್ನಾಗಿ ಕುದಿಸಲೇಬೇಕು, ಕುಕ್ಕರ್ ಒಳ್ಳೆಯದು. ಹುರುಳಿಕಾಳನ್ನು ನಾನು ಪ್ರಯತ್ನಿಸಿದೆ, ಮೂರು ಗಂಟೆ ಬಿಟ್ಟರೂ ಹಲ್ಲಿಗೆ ಸಿಕ್ಕುತ್ತಿತ್ತು. ಅದೂ ಕುಕ್ಕರಿಗೇ ವಾಪಸ್.

ಒಲೆ ಹಚ್ಚುವ ಸಂಖ್ಯೆ ಈಗ ದಿನಕ್ಕೆ ಹತ್ತು ಹನ್ನೊಂದು. ಡಿಕಾಕ್ಷನ್ ಒಂದೇ ಸಲ ಇಳಿಸುತ್ತೇವೆ, ಕುದಿಸಿದ ನೀರು ಫ್ಲಾಸ್ಕಿನಲ್ಲಿರುತ್ತದೆ. ಹಾಲಿನ ವಿಷಯದಲ್ಲಿ ಅಮ್ಮನಿಗೂ ನನಗೂ ಒಪ್ಪಂದವಾಗಿದೆ. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿಯೇ ಬಂದಿರುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಮತ್ತೆಮತ್ತೆ ಕಾಯಿಸಬೇಕಿಲ್ಲ ಅಂದೆ. ಕಾಯಿಸದ ಹಾಲು ಮನೆಯಲ್ಲಿರಬಾರದು ಅಂದರು. ಬೆಳಗ್ಗೆ ಒಂದು ಸಲ ಎಲ್ಲವನ್ನೂ ಕಾಯಿಸಿ, ಆರಿಸಿ ಫ್ರಿಜ್ಜಿಗಿಡುತ್ತೇವೆ, ಬೇಕಾದಷ್ಟನ್ನೇ ತೆಗೆದು ಬಿಸಿ ಮಾಡುತ್ತೇವೆ.

ವಾರಕ್ಕೆ 2.1 ಅಂತ ಹಿಡಿದರೆ ಒಂದು ಸಿಲಿಂಡರ್ 47 ದಿನ. ವರ್ಷಕ್ಕೆ ಹನ್ನೊಂದು ಬೇಕಾಗುತ್ತಿದ್ದಲ್ಲಿ ಎಂಟು ಸಾಕು. ಬೆಳಗ್ಗೆ ಅಡುಗೆಮನೆಯಲ್ಲಿ ಹೆಚ್ಚುಕಡಿಮೆ ಎರಡು ಗಂಟೆ ನಿಲ್ಲುತ್ತಿದ್ದವನು ಈಗ ಒಂದೂಕಾಲು ಗಂಟೆಯಲ್ಲಿ ಮುಗಿಸುತ್ತೇನೆ. ಬುಟ್ಟಿ, ಕುಕ್ಕರ್, ಫ್ಲಾಸ್ಕ್ ಎಲ್ಲದರ ಬಗ್ಗೆ ಮೊದಲೇ ಓದಿದ್ದೆ, ಆದರೆ ಉಳಿತಾಯದ ಅರ್ಧದಷ್ಟು ಬಂದದ್ದು ಸ್ನಾನದ ನೀರಿನಿಂದ. ಅದು ಯಾವ ಪಟ್ಟಿಯಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಿಮ್ಮ ಮನೆಯಲ್ಲಿ ಅದು ಬೇರೆ ಏನೋ ಇರಬಹುದು, ಎರಡು ವಾರ ಸುಮ್ಮನೆ ಬರೆದು ನೋಡಿ.

ಬಾಕಿ ಇರುವ ಕೆಲಸ: ಗ್ಯಾಸಿನ ಕೇಸರಿ ಟ್ಯೂಬಿನ ಮೇಲಿನ ವರ್ಷ ನೋಡಿದೆ, ಐದು ವರ್ಷ ತುಂಬುತ್ತಿದೆ, ಈ ವಾರವೇ ಬದಲಿಸಬೇಕು. ಡಿಸೆಂಬರಿಗೆ ಅವರೆಕಾಯಿ ಬರುತ್ತದೆ. ನೆನೆಸಿ ಸಿಪ್ಪೆ ಹಿಚುಕಿದ ಬೇಳೆ ಬೇಗ ಬೇಯುತ್ತದೆ, ಬುಟ್ಟಿಯಲ್ಲೇ ಆಗಬಹುದು ಅನ್ನುವುದು ನನ್ನ ಲೆಕ್ಕ. ಕಾಳು ಹಿಚುಕಲು ಮನೆಮಂದಿಯೆಲ್ಲ ಕೂರಬೇಕು, ಆ ಹೊತ್ತನ್ನು ಯಾವ ಖಾತೆಗೆ ಬರೆಯುವುದು ಅಂತ ಅಮ್ಮ ಕೇಳಿದ್ದಾರೆ. ಆ ತಿಂಗಳಿಗೆ ಎರಡು ಪುಟ ಖಾಲಿ ಬಿಟ್ಟಿದ್ದೇನೆ.