8 ಕೆಬಿ ಸಾಲಲಿಲ್ಲ, ಅಪ್ಪ ಬರೆಯುವುದು ಇನ್ನೂ ಇತ್ತು

ಕಳೆದ ಚಳಿಗಾಲದಲ್ಲಿ ಅಪ್ಪ ಡಲ್ಲಾಸ್‌ಗೆ ನಮ್ಮ ಮನೆಗೆ ಬಂದಿದ್ದರು. ಊರಲ್ಲಿದ್ದಾಗ ಅವರು ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಬರೆಯುತ್ತಿದ್ದವರು, ಕೈಯಲ್ಲಿ ಬರೆದು ಕವರಿಗೆ ಹಾಕಿ ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದ ಕಾಲ ಅದು. ನನ್ನ ಕಪಾಟಿನಲ್ಲಿದ್ದ ಟಿಆರ್‌ಎಸ್-80 ಮಾಡೆಲ್ 100 ಎಂಬ ಹಳೆಯ ಪುಟ್ಟ ಕಂಪ್ಯೂಟರ್ ತೆಗೆದು ತೋರಿಸಿದೆ. "ಅಪ್ಪ, ಇದೂ ಅದೇ ಕಾಲದ್ದು. ಇಲ್ಲಿನ ವರದಿಗಾರರು ಇದರಲ್ಲಿ ಟೈಪ್ ಮಾಡಿ ಫೋನ್ ಲೈನ್‌ನಲ್ಲಿ ಕಚೇರಿಗೆ ಕಳಿಸೋರು" ಅಂದೆ. ಅವರು ಅದನ್ನು ತೊಡೆ ಮೇಲೆ ಇಟ್ಟುಕೊಂಡವರು ಮತ್ತೆ ನನಗೆ ಕೊಡಲೇ ಇಲ್ಲ.

ಇದು 1983ರ ಯಂತ್ರ. ತಯಾರಿಸಿದ್ದು ಜಪಾನಿನ ಕ್ಯೋಸೆರಾ, ಮಾರಿದ್ದು ಇಲ್ಲೇ ಪಕ್ಕದ ಫೋರ್ಟ್ ವರ್ತ್‌ನ ಟ್ಯಾಂಡಿ ಕಂಪನಿ, ತನ್ನ ರೇಡಿಯೋ ಶ್ಯಾಕ್ ಅಂಗಡಿಗಳಲ್ಲಿ. ಒಳಗಿನ ಸಾಫ್ಟ್‌ವೇರ್ ಬರೆದವರಲ್ಲಿ ಬಿಲ್ ಗೇಟ್ಸ್ ಕೂಡ ಒಬ್ಬರು. ನಾಲ್ಕು ಸಣ್ಣ ಪೆನ್ಸಿಲ್ ಸೆಲ್ ಹಾಕಿದರೆ ಗಂಟೆಗಟ್ಟಲೆ ನಡೆಯುತ್ತದೆ. ಪರದೆಯಲ್ಲಿ ಎಂಟೇ ಸಾಲು, ಸಾಲಿಗೆ 40 ಅಕ್ಷರ. ಕೀಲಿಮಣೆ ಮಾತ್ರ ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಿಗಿಂತ ಚೆನ್ನಾಗಿದೆ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅದರಲ್ಲಿ ಕನ್ನಡ ಬರುವುದಿಲ್ಲ. ಅಪ್ಪ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡುತ್ತಾ ಊರಿನ ಕೆರೆ, ಸಂತೆ, ಹಳೇ ಶಾಲೆ ಎಲ್ಲ ಬರೆಯತೊಡಗಿದರು. ಎರಡನೇ ದಿನ ಯಂತ್ರ ಬೀಪ್ ಅಂದು 'ಮೆಮೊರಿ ಫುಲ್' ಎಂದಿತು. ನನ್ನದು 8 ಕೆಬಿ ಮಾಡೆಲ್. ಅದರಲ್ಲಿ ಬಳಸಲು ಸಿಗುವುದು 5062 ಬೈಟ್ ಅಷ್ಟೇ, ಅಂದರೆ ಸುಮಾರು ಐನೂರು ಪದ. "ಸಂತೆ ಅರ್ಧಕ್ಕೇ ನಿಂತೋಯ್ತಲ್ಲೋ" ಅಂದರು ಅಪ್ಪ. ಅವತ್ತೇ ರಾತ್ರಿ ಮೆಮೊರಿ ಮಾಡ್ಯೂಲ್ ಆರ್ಡರ್ ಮಾಡಿದೆ.

ಈ ಯಂತ್ರದ ಪ್ರೊಸೆಸರ್ 80ಸಿ85. ಅದು ಒಂದು ಸಲಕ್ಕೆ ನೋಡಬಲ್ಲದ್ದು 64 ಕೆಬಿ ಮಾತ್ರ. ಅದರಲ್ಲಿ ಅರ್ಧ ರಾಮ್‌ಗೆ (ನಾವು ಬರೆದದ್ದು ಇರುವ ಮೆಮೊರಿ), ಅರ್ಧ ರೋಮ್‌ಗೆ (ಒಳಗಿನ ಸಾಫ್ಟ್‌ವೇರ್ ಇರುವ, ಅಳಿಸಲಾಗದ ಮೆಮೊರಿ). ಹಾಗಾಗಿ 32 ಕೆಬಿಗಿಂತ ಜಾಸ್ತಿ ರಾಮ್ ಸುಮ್ನೆ ಸಿಕ್ಕಿಸಿದರೆ ಅದಕ್ಕೆ ಕಾಣುವುದಿಲ್ಲ. 8 ಕೆಬಿ ಬೋರ್ಡಿನಲ್ಲೇ ಇದೆ, ಇನ್ನು ಮೂರು 8 ಕೆಬಿಗೆ ಮೂರು ಖಾಲಿ ಸಾಕೆಟ್. ಸಾಕೆಟ್‌ಗೆ 28 ಕಾಲು (ಪಿನ್) ಇರುವುದರಿಂದ, ಅಗ್ಗಕ್ಕೆ ಸಿಗುವ 8 ಕೆಬಿಯ 6264 ಮೆಮೊರಿ ಚಿಪ್ಪನ್ನೇ ನೇರ ಕೂರಿಸೋಣ ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ಹಾಗೆ ಮಾಡಬೇಡಿ. ಮೂಲ ಮಾಡ್ಯೂಲ್ ಅಂದರೆ ಒಂದೇ ತಟ್ಟೆಯ ಮೇಲೆ 2 ಕೆಬಿಯ ನಾಲ್ಕು ಚಿಪ್. ನಾಲ್ಕನ್ನೂ ಬೇರೆ ಬೇರೆ ಕಾಲಿನಿಂದ ಕರೆಯಬೇಕು, 6264ರ ಕಾಲುಗಳ ಜೋಡಣೆಯೇ ಬೇರೆ. ನಾನು ತರಿಸಿದ್ದು ಹವ್ಯಾಸಿಯೊಬ್ಬರು ಮಾಡಿದ ಪುಟ್ಟ ಬೋರ್ಡ್‌ಗಳು. ಹೊಸ ಚಿಪ್ಪೊಂದನ್ನು ಈ ಸಾಕೆಟ್‌ಗೆ ಹೊಂದುವ ಹಾಗೆ ಅದರಲ್ಲಿ ಕೂರಿಸಿರುತ್ತಾರೆ.

ಬಿಚ್ಚುವ ಮುಂಚೆ ಅಪ್ಪನ ಫೈಲನ್ನು ಸೀರಿಯಲ್ ಕೇಬಲ್‌ನಲ್ಲಿ ನನ್ನ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೆ. ಇದನ್ನು ಮರೆಯಲೇಬಾರದು. ಇದರಲ್ಲಿ ಡಿಸ್ಕ್ ಇಲ್ಲ, ಫೈಲು ಇರುವುದೇ ರಾಮ್‌ನಲ್ಲಿ, ಅದನ್ನು ಉಳಿಸುವುದು ಒಳಗಿನ ಒಂದು ಚಿಕ್ಕ ರೀಚಾರ್ಜ್ ಬ್ಯಾಟರಿ. ಆಮೇಲೆ ಸೆಲ್ ತೆಗೆದು, ತಳದ ಮೆಮೊರಿ ಪವರ್ ಸ್ವಿಚ್ ಆಫ್ ಮಾಡಿ, ನಾಲ್ಕು ಸ್ಕ್ರೂ ಬಿಚ್ಚಿದೆ. ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ನಡುವೆ ಕೇಬಲ್‌ಗಳಿವೆ, ಪುಸ್ತಕ ತೆರೆದ ಹಾಗೆ ನಿಧಾನವಾಗಿ ಬಿಡಿಸಬೇಕು. ಇಲ್ಲಿ ಚಳಿಗಾಲದ ಗಾಳಿ ಒಣ, ಮನೆಯೆಲ್ಲ ಕಾರ್ಪೆಟ್, ಬಾಗಿಲ ಹಿಡಿ ಮುಟ್ಟಿದರೂ ಚುರುಕ್ ಅನ್ನುತ್ತದೆ. ಆ ಸ್ಥಿರ ವಿದ್ಯುತ್ ಚಿಪ್ ಕೆಡಿಸಬಾರದು ಅಂತ ಅಡುಗೆಮನೆಯ ಮೇಜಿನ ಮೇಲೆ ಬರಿಗಾಲಲ್ಲಿ ಕೆಲಸ ಮಾಡಿದೆ, ಆಗಾಗ ಸಿಂಕಿನ ನಲ್ಲಿ ಮುಟ್ಟುತ್ತಾ.

ತೆರೆದಾಗ ನೋಡಿದರೆ ಆ ಚಿಕ್ಕ ಬ್ಯಾಟರಿಯ ಬುಡದಲ್ಲಿ ಹಸಿರು ಬೂಷ್ಟಿನಂಥದ್ದು. ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಹಳೆಯದಾದರೆ ಸೋರುತ್ತದೆ, ಸೋರಿದ್ದು ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ನನ್ನದರಲ್ಲಿ ಗೆರೆಗಳು ಇನ್ನೂ ಉಳಿದಿದ್ದವು. ಬ್ಯಾಟರಿ ಕಿತ್ತು, ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸದು ಬೆಸುಗೆ ಹಾಕಿದೆ. ನಿಮ್ಮ ಹತ್ತಿರ ಇಂಥ ಯಂತ್ರ ಇದ್ದರೆ ಮೆಮೊರಿ ಆಮೇಲೆ ನೋಡಿ, ಮೊದಲು ಈ ಬ್ಯಾಟರಿ ನೋಡಿ.

ಮಾಡ್ಯೂಲ್ ಕೂರಿಸುವುದು ಐದು ನಿಮಿಷದ ಕೆಲಸ. ಒಂದನೇ ಕಾಲಿನ ಗುರುತು ಸರಿಯಾದ ಕಡೆ ಇದೆಯಾ ಅಂತ ಎರಡು ಸಲ ನೋಡಿ ಒತ್ತಬೇಕು. ಕಂಟ್ರೋಲ್, ಬ್ರೇಕ್ ಎರಡೂ ಹಿಡಿದು ರೀಸೆಟ್ ಒತ್ತಿ ಶುರು ಮಾಡಿದೆ. ಪರದೆಯ ಕೆಳಗೆ 21446 ಬೈಟ್ ಅಂತ ಬಂತು. ಒಂದು ಮಾಡ್ಯೂಲ್ ಲೆಕ್ಕಕ್ಕೇ ಬಂದಿರಲಿಲ್ಲ. ಮತ್ತೆ ಬಿಚ್ಚಿ, ನಲವತ್ತು ವರ್ಷ ಖಾಲಿ ಇದ್ದ ಆ ಸಾಕೆಟ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮಾಡ್ಯೂಲನ್ನು ನಾಲ್ಕೈದು ಸಲ ಹಾಕಿ ತೆಗೆದು ಕೂರಿಸಿದೆ. ಈ ಸಲ 29638! ಅಪ್ಪ ಕನ್ನಡಕ ಏರಿಸಿಕೊಂಡು ಆ ಅಂಕಿಯನ್ನು ಜೋರಾಗಿ ಓದಿದರು.

ನೀವು ಓದುತ್ತಿರುವ ಈ ಬರಹ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಹತ್ತು ಸಾವಿರ ಬೈಟ್ ದಾಟುತ್ತದೆ, ಏಕೆಂದರೆ ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಮೊದಲಿನ ಮೆಮೊರಿಯಲ್ಲಿ ಇದರ ಅರ್ಧವೂ ಹಿಡಿಯುತ್ತಿರಲಿಲ್ಲ.

ಒಂದು ನಷ್ಟವೂ ಇದೆ. ಮೆಮೊರಿ ಜಾಸ್ತಿ ಆದಷ್ಟೂ ಆ ಚಿಕ್ಕ ಬ್ಯಾಟರಿ ಬೇಗ ಇಳಿಯುತ್ತದೆ. 8 ಕೆಬಿ ಇದ್ದಾಗ ಸುಮಾರು ಒಂದು ತಿಂಗಳು ಮುಟ್ಟದೆ ಇಡಬಹುದಿತ್ತು, ಈಗ ವಾರದ ಲೆಕ್ಕ. ಅಪ್ಪ ಮಾರ್ಚ್‌ನಲ್ಲಿ ಊರಿಗೆ ಹೋದರು. ಲ್ಯಾಪ್‌ಟಾಪ್‌ನಿಂದ ವಾಪಸ್ ಹಾಕಿದ ಅವರ ಫೈಲು ಇನ್ನೂ ಅದರಲ್ಲೇ ಇದೆ, ಸಂತೆ ಮುಗಿದು ಜಾತ್ರೆಗೆ ಬಂದಿದೆ. ಪ್ರತಿ ಶನಿವಾರ ಅದನ್ನು ಅಡಾಪ್ಟರ್‌ಗೆ ಹಾಕಿಡುತ್ತೇನೆ. ಮುಂದಿನ ಸಲ ಬಂದಾಗ ತೇರು ಎಳೆಯುವುದರಿಂದ ಶುರು ಮಾಡುತ್ತಾರಂತೆ.